ಆರಾಮಿಲ್ಲದ ದಿನದ ಪಗಾರ

ಮೊನ್ನೆ ಗದಗಿನಲ್ಲಿ ಐದಾರು ಜನ ಸಣ್ಣ ಪ್ರೆಸ್ ಮಾಲೀಕರು ಚಹಾದಂಗಡಿ ಮುಂದೆ ನಿಂತು ಮಾತಾಡುತ್ತಿದ್ದೆವು. ಕಾಗದದ ರೇಟು, ಬರಬೇಕಾದ ಬಾಕಿ, ಕರೆಂಟ್ ಬಿಲ್ಲು, ಹೀಗೆ ಸುತ್ತಿ ಬಳಸಿ ಮಾತು ಸೂಟಿಯ ಹತ್ತಿರ ಬಂದು ನಿಂತಿತು. 2025ರ ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟ ದುಡಿಯುವ ಹೆಣ್ಣುಮಕ್ಕಳಿಗೆ ತಿಂಗಳಿಗೆ ಒಂದು ದಿನ, ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತಲ್ಲ, ಆವತ್ತಿನಿಂದ ಮಾಲೀಕರು ನಾಲ್ಕು ಜನ ಸೇರಿದ ಕಡೆಯೆಲ್ಲ ಇದೇ ಮಾತು.

"ಇವತ್ತ ಇದು. ನಾಳೆ ಜಡ್ಡಾದ್ರೂ ಪಗಾರ ಕೊಡ್ರಿ ಅಂತಾರ. ನಾವು ಪ್ರೆಸ್ ನಡಸೂದೋ, ಧರ್ಮಛತ್ರ ನಡಸೂದೋ?" ಅಂದರು ಹಿರಿಯರೊಬ್ಬರು.

"ಅಣ್ಣಾರ, ನಾ ಕೊಡಾಕ ಹತ್ತಿ ಎರಡು ವರ್ಷದ ಮ್ಯಾಲಾತು" ಅಂದೆ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು "ನಿಮಗ ನಡೀತೈತಿ ಬಿಡ್ರಿ" ಅಂದರು. ಚಹಾ ಮುಗಿಯಿತು, ಎಲ್ಲರೂ ಗಾಡಿ ಹತ್ತಿ ಹೋದರು.

ಆ "ನಿಮಗ ನಡೀತೈತಿ" ಅನ್ನೋ ಮಾತು ನನ್ನ ತಲೆಯಿಂದ ಹೋಗಿಲ್ಲ. ಯಾಕಂದ್ರೆ ನನ್ನದೇನು ದೊಡ್ಡ ಕಾರ್ಖಾನೆ ಅಲ್ಲ. ಎರಡು ಆಫ್‌ಸೆಟ್ ಮಷಿನ್, ಒಂದು ಕಟಿಂಗ್ ಮಷಿನ್, ಒಳಗಡೆ ಬೈಂಡಿಂಗ್ ಮಾಡುವ ಒಂದು ಉದ್ದನೆಯ ಕೋಣೆ. ಕೆಲಸಕ್ಕೆ ಏಳು ಜನ. ಗದಗನ್ನು ಮುದ್ರಣ ಕಾಶಿ ಅಂತ ಕರೆಯುತ್ತಾರೆ, ಆ ಹೆಸರನ್ನು ಹೊತ್ತು ನಿಂತಿರೋದು ನನ್ನದರಂಥ ಸಣ್ಣ ಪ್ರೆಸ್ಸುಗಳೂ ಹೌದು. ಲಗ್ನಪತ್ರಿಕೆ, ಬಿಲ್ ಬುಕ್, ಶಾಲೆಯ ಡೈರಿ, ಹ್ಯಾಂಡ್‌ಬಿಲ್, ಇಷ್ಟರಲ್ಲೇ ನಮ್ಮ ಹೊಟ್ಟೆ. ನನಗೆ ನಡೆಯುತ್ತದೆ ಅಂದರೆ ತುಂಬ ಜನರಿಗೆ ನಡೆಯುತ್ತದೆ. ಅದನ್ನೇ ಇಲ್ಲಿ ಲೆಕ್ಕ ಸಮೇತ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಓದಿ.

2023ರ ಜುಲೈ ಕೊನೆಯ ತನಕ ನನ್ನ ಪ್ರೆಸ್ಸಿನಲ್ಲೂ ಎಲ್ಲರ ಪದ್ಧತಿಯೇ ಇತ್ತು. ಬಂದ ದಿನಕ್ಕೆ ಪಗಾರ, ಬರದ ದಿನಕ್ಕೆ ಖಾಡೆ. ಮನೆಯಲ್ಲಿ ಯಾರಾದರೂ ತೀರಿಕೊಂಡಿರಲಿ, ಜ್ವರ ಬಂದಿರಲಿ, ಮಗುವಿಗೆ ಸಲೈನ್ ಹಚ್ಚಿರಲಿ, ಹಾಜರಿ ಪುಸ್ತಕದಲ್ಲಿ ಎಲ್ಲಕ್ಕೂ ಒಂದೇ ಗುರುತು. ಶನಿವಾರ ಲೆಕ್ಕ ಮಾಡುವಾಗ ಅದನ್ನು ಕಳೆದು ಉಳಿದದ್ದನ್ನು ಕೈಗಿಡುತ್ತಿದ್ದೆ. ಇದರಲ್ಲಿ ತಪ್ಪಿದೆ ಅಂತ ನನಗೆ ಒಂದು ದಿನವೂ ಅನಿಸಿರಲಿಲ್ಲ. ಕೆಲಸ ಮಾಡದ ದಿನಕ್ಕೆ ದುಡ್ಡು ಯಾಕೆ ಅಂತ ಕೇಳಿದರೆ ಅದು ನ್ಯಾಯವಾಗೇ ಕೇಳಿಸುತ್ತದೆ, ಅಲ್ವಾ?

ಆ ಮಳೆಗಾಲದಲ್ಲಿ ರಾಜ್ಯದ ತುಂಬ ಕಣ್ಣುಬೇನೆ ಹರಡಿತ್ತು, ನಿಮಗೂ ನೆನಪಿರಬಹುದು. ನಮ್ಮ ಕಡೆ "ಕಣ್ಣು ಬಂದಾವ" ಅಂತೀವಿ. ಶಾಲೆಗಳಲ್ಲಿ ಮಕ್ಕಳನ್ನು ಮನೆಗೆ ಕಳಿಸುತ್ತಿದ್ದರು. ನಮ್ಮಲ್ಲಿ ಆಗ ಗಣೇಶ ಹಬ್ಬದ ಕೆಲಸ ಶುರುವಾಗಿತ್ತು. ಮಂಡಳಿಗಳ ದೇಣಿಗೆ ಪಾವತಿ ಪುಸ್ತಕ ಅಂದರೆ ಗೊತ್ತಲ್ಲ, ನಂಬರ್ ಹಾಕಬೇಕು, ಪರ್ಫೊರೇಶನ್ ಹೊಡೆಯಬೇಕು, ನೂರು ನೂರು ಹಾಳೆ ಎಣಿಸಿ ಪಿನ್ ಹೊಡೆದು ಅಂಚಿಗೆ ಪಟ್ಟಿ ಅಂಟಿಸಬೇಕು. ಎಲ್ಲಾ ಕೈಗೆಲಸ. ಒಬ್ಬರು ಎಣಿಸಿ ಕೊಟ್ಟದ್ದನ್ನು ಇನ್ನೊಬ್ಬರು ಹಿಡಿಯುತ್ತಾರೆ, ಒಂದೇ ಅಂಟಿನ ಡಬ್ಬಿ, ಒಂದೇ ಒರೆಸುವ ಬಟ್ಟೆ.

ಬೈಂಡಿಂಗ್ ಮಾಡುವ ಅಕ್ಕ ಒಬ್ಬರು ಒಂದು ಸೋಮವಾರ ಕಣ್ಣು ಕೆಂಪು ಮಾಡಿಕೊಂಡು ಬಂದರು. ಕೇಳಿದೆ. "ಒಲಿ ಹೊಗಿ ರೀ ಸರ" ಅಂದರು. ನಾನೂ ಅಷ್ಟಕ್ಕೇ ಸುಮ್ಮನಾದೆ. ಬುಧವಾರ ಪಕ್ಕದಲ್ಲಿ ಕೂಡುವ ಇಬ್ಬರಿಗೆ ಬಂತು. ಶುಕ್ರವಾರ ಮಷಿನ್ ಹುಡುಗನಿಗೆ. ಶನಿವಾರ ನನಗೆ, ಭಾನುವಾರ ನನ್ನ ಮಗಳಿಗೆ. ಮುಂದಿನ ವಾರ ಏಳು ಜನರಲ್ಲಿ ಐವರಿಗೆ ಕಣ್ಣು ಬಿಡಲು ಆಗುತ್ತಿರಲಿಲ್ಲ, ನಾಲ್ಕು ದಿನ ಬಾಗಿಲು ಹಾಕಿದೆ. ಎರಡು ಮಂಡಳಿಯವರು ಕಾದು ಕಾದು ಹುಬ್ಬಳ್ಳಿಗೆ ಹೋಗಿ ಮಾಡಿಸಿಕೊಂಡರು. ಅವರಲ್ಲಿ ಒಂದು ಮಂಡಳಿ ಇವತ್ತಿಗೂ ನನ್ನ ಹತ್ತಿರ ಬಂದಿಲ್ಲ.

ಬಾಗಿಲು ತೆಗೆದ ದಿನ ಸಿಟ್ಟಿನಲ್ಲೇ ಆ ಅಕ್ಕನನ್ನು ಕೇಳಿದೆ. "ಯಾಕ್ರೀ ಅಕ್ಕಾರ, ಮೊದಲನೇ ದಿನಾನ ಹೇಳಬಾರದಾಗಿತ್ತಾ?"

ಅವರು ತಲೆ ತಗ್ಗಿಸಲಿಲ್ಲ. ಕೈಯಲ್ಲಿದ್ದ ಕೆಲಸವನ್ನೂ ಬಿಡಲಿಲ್ಲ. "ಹೇಳಿದ್ರ ಮನಿಗೆ ಕಳಸ್ತಿದ್ರಿ. ಐದು ದಿನದ ಪಗಾರ ಯಾರು ಕೊಡ್ತಿದ್ರು ಸರ?" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಸುಳ್ಳು ಹೇಳಿದ್ದು ನಿಜ. ಆದರೆ ಸುಳ್ಳು ಹೇಳದಿದ್ದರೆ ಐದು ದಿನದ ಖಾಡೆ ಅಂತ ಇಟ್ಟವನು ನಾನು. ನಿಜ ಹೇಳಿದವರಿಗೆ ದಂಡ ಹಾಕಿ, ಮುಚ್ಚಿಟ್ಟವರಿಗೆ ಪೂರ್ತಿ ಪಗಾರ ಕೊಡುವ ಪದ್ಧತಿಯನ್ನು ನಾನೇ ನಡೆಸಿಕೊಂಡು ಬಂದಿದ್ದೆ. ಆ ವಾರ ನನಗಾದ ನಷ್ಟ, ಅವರ ಐದು ದಿನದ ಪಗಾರದ ಎಷ್ಟೋ ಪಟ್ಟು.

ಆಗಸ್ಟ್ 1ರಿಂದ ನಿಯಮ ಬದಲಿಸಿದೆ. ವರ್ಷಕ್ಕೆ 12 ದಿನ ಜಡ್ಡಿನ ಸೂಟಿ, ಪೂರ್ತಿ ಪಗಾರ. ಎರಡು ದಿನದವರೆಗೆ ಡಾಕ್ಟರ್ ಚೀಟಿ ಬೇಡ, ಬೆಳಿಗ್ಗೆ ಎಂಟರೊಳಗೆ ಫೋನ್ ಮಾಡಿದರೆ ಸಾಕು. ಮೂರನೇ ದಿನದಿಂದ ಚೀಟಿ ಬೇಕು.

ಈಗ ಲೆಕ್ಕ. ಮೊದಲ ವರ್ಷ ಏಳು ಜನರಿಗೆ ಸೇರಿ 84 ದಿನ ಇತ್ತು, ಅವರು ತೆಗೆದುಕೊಂಡದ್ದು 37 ದಿನ. ಖರ್ಚು ಸುಮಾರು 18 ಸಾವಿರ ರೂಪಾಯಿ. ಎರಡನೇ ವರ್ಷ 44 ದಿನ, 22 ಸಾವಿರ ಚಿಲ್ಲರೆ. ಆ 44ರಲ್ಲಿ ಒಂಬತ್ತು ದಿನ ಡೆಂಗಿ ಬಂದ ಒಬ್ಬ ಹುಡುಗನದೇ. 2024ರಲ್ಲಿ ಡೆಂಗಿ ಎಷ್ಟು ಹಬ್ಬಿತ್ತು ಅಂದರೆ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಅಂತಲೇ ಘೋಷಣೆ ಮಾಡಿತ್ತು. ಜಾಸ್ತಿ ಆದ ವರ್ಷದ ಲೆಕ್ಕ ಹಿಡಿದರೂ ತಿಂಗಳಿಗೆ ಎರಡು ಸಾವಿರದ ಒಳಗೇ. ಒಂದು ಶಾಲಾ ಡೈರಿಯಲ್ಲಿ ಪುಟ ಹಿಂದುಮುಂದಾಗಿ ಮತ್ತೆ ಅಚ್ಚು ಹಾಕಬೇಕಾಗಿ ಬಂದರೆ ಇಡೀ ವರ್ಷದ ಜಡ್ಡಿನ ಸೂಟಿಯ ದುಡ್ಡು ಒಂದೇ ಸಲ ಹೋಗುತ್ತದೆ. ಪುಟ ಹಿಂದುಮುಂದಾಗುವುದು ಯಾವಾಗ? ತಲೆ ಸಿಡಿಯುತ್ತಿದ್ದರೂ ಕೂತು ಹಾಳೆ ಜೋಡಿಸಿದಾಗ. ಕಟಿಂಗ್ ಮಷಿನ್ ಬಗ್ಗೆ ನಾನು ಬರೆಯುವುದೇ ಇಲ್ಲ. ಜ್ವರದ ಕೈಯನ್ನು ಆ ಬ್ಲೇಡಿನ ಕೆಳಗೆ ಬಿಡಬಾರದು, ಅಷ್ಟೇ.

"ಸುಳ್ಳು ಹೇಳಿ ಸೂಟಿ ಹೊಡೀತಾರೆ." ಇದು ಎಲ್ಲರೂ ಹೇಳುವ ಮೊದಲ ಮಾತು. ನಿಜ, ನನ್ನಲ್ಲೂ ಒಬ್ಬ ಹಾಗೆ ಮಾಡಿದ. ಮೊದಲ ವರ್ಷ ಒಬ್ಬ ಹುಡುಗ 12ಕ್ಕೆ 12 ದಿನವೂ ಮುಗಿಸಿದ. ತೋಂಟದಾರ್ಯ ಜಾತ್ರೆಯ ಸಮಯದಲ್ಲಿ ಎರಡು ದಿನ ಹೊಟ್ಟೆನೋವು ಅಂದ, ಅದೇ ಸಂಜೆ ನಮ್ಮ ಮನೆಯವರು ಅವನನ್ನು ಹೆಂಡತಿ ಮಕ್ಕಳ ಜೊತೆ ಜಾತ್ರೆಯಲ್ಲಿ ನೋಡಿದರು. ಮರುದಿನ ಕರೆದು ಕೇಳಿದೆ. ಮುಚ್ಚಿಡದೆ ಒಪ್ಪಿಕೊಂಡ. "ಜಾತ್ರಿಗೆ ಸೂಟಿ ಕೊಡ್ರಿ ಅಂದ್ರ ಕೊಡ್ತಿದ್ರೇನ್ರಿ? ಖಾಡೆ ಹಾಕ್ತಿದ್ರಿ" ಅಂದ.

ನಾನು ಇದರ ಬಗ್ಗೆ ತುಂಬ ದಿನ ಯೋಚನೆ ಮಾಡಿದೆ. ಅವನಿಗೆ ನಾನು ಕೊಟ್ಟಿದ್ದು ಒಂದೇ ಒಂದು ಬಾಗಿಲು, ಜಡ್ಡಿನ ಬಾಗಿಲು. ಮನುಷ್ಯನಿಗೆ ಮಕ್ಕಳನ್ನು ಜಾತ್ರೆಗೆ ಕರೆದುಕೊಂಡು ಹೋಗುವ ಆಸೆಯೂ ಇರುತ್ತದೆ, ತಂಗಿಯ ಸೀಮಂತವೂ ಇರುತ್ತದೆ, ರೇಷನ್ ಕಾರ್ಡಿನ ಕೆಲಸಕ್ಕೆ ಕಚೇರಿಗೆ ಅಲೆಯುವುದೂ ಇರುತ್ತದೆ. ಎಲ್ಲದಕ್ಕೂ ಅದೇ ಬಾಗಿಲಿನಿಂದ ಹೋಗಬೇಕಾದರೆ ಹೊಟ್ಟೆನೋವು ಅನ್ನದೆ ಇನ್ನೇನು ಮಾಡಬೇಕು? ಕಾರ್ಖಾನೆ ಕಾಯ್ದೆಯಲ್ಲಿ 1948ರಿಂದಲೂ ವಾರ್ಷಿಕ ರಜೆ ಅಂತ ಇತ್ತು, ದುಡಿದ ಪ್ರತಿ 20 ದಿನಕ್ಕೆ ಒಂದು ದಿನ. ಮೊದಲು ಅದನ್ನು ಪಡೆಯಲು ವರ್ಷದಲ್ಲಿ 240 ದಿನ ದುಡಿದಿರಬೇಕಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಅದನ್ನು 180 ದಿನಕ್ಕೆ ಇಳಿಸಿದ್ದಾರೆ. ನನ್ನಷ್ಟು ಸಣ್ಣ ಜಾಗಕ್ಕೆ ಆ ಕಟ್ಟು ಮುಟ್ಟಲಿ ಬಿಡಲಿ, 20 ದಿನಕ್ಕೆ ಒಂದು ಅನ್ನುವ ಹಳೆಯ ಲೆಕ್ಕ ಚೆನ್ನಾಗಿದೆ ಅನಿಸಿತ್ತು. ಎರಡನೇ ವರ್ಷದಿಂದ ಅದನ್ನೂ ಕೊಡಲು ಶುರು ಮಾಡಿದೆ. ಆ ಹುಡುಗ ಎರಡನೇ ವರ್ಷ ತೆಗೆದುಕೊಂಡ ಜಡ್ಡಿನ ಸೂಟಿ ನಾಲ್ಕು ದಿನ. ಈಗ ಜಾತ್ರೆಗೆ ಹೋಗುವಾಗ ಜಾತ್ರೆಗೆ ಅಂತಲೇ ಹೇಳಿ ಹೋಗುತ್ತಾನೆ.

ಇನ್ನು ಡಾಕ್ಟರ್ ಚೀಟಿ. ಒಂದು ದಿನದ ಜ್ವರಕ್ಕೂ ಚೀಟಿ ಬೇಕು ಅನ್ನುವ ಮಾಲೀಕರು ಇದ್ದಾರೆ. ಅವರು ಸಾಲಿನಲ್ಲಿ ನಿಂತು ನೋಡಲಿ. ಬೆಟಗೇರಿಯ ಕೊನೆಯಿಂದ ಆಟೋ, ಡಾಕ್ಟರ್ ಫೀ, ಮೂರು ತಾಸು ಬೆಂಚಿನ ಮೇಲೆ. ಮಲಗಿದ್ದರೆ ಸಂಜೆಗೆ ಇಳಿಯುವ ಜ್ವರ ಓಡಾಟದಲ್ಲಿ ಇನ್ನೂ ಏರುತ್ತದೆ. ಒಂದು ದಿನದ ಪಗಾರ ಉಳಿಸಿಕೊಳ್ಳಲು ಅರ್ಧ ದಿನದ ಪಗಾರ ಖರ್ಚು. ಅದಕ್ಕೇ ಜನ ಒಂದು ಗುಳಿಗೆ ನುಂಗಿ ಕೆಲಸಕ್ಕೇ ಬಂದುಬಿಡುತ್ತಾರೆ.

ಕಾನೂನಿನ ಮಾತು ಸ್ವಲ್ಪ ಹೇಳಲೇಬೇಕು, ಯಾಕಂದ್ರೆ ಇದು ಯಾರೋ ಈಗ ಹೊಸದಾಗಿ ಕೇಳುತ್ತಿರುವ ವಿಷಯ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದು. ಅದರಲ್ಲೇ ಕಾಯಿಲೆ, ಅಪಘಾತ ಅಥವಾ ಬೇರೆ ಸರಿಯಾದ ಕಾರಣಕ್ಕೆ ವರ್ಷಕ್ಕೆ 12 ದಿನದವರೆಗೆ ಸಂಬಳ ಸಹಿತ ರಜೆ ಅಂತ ಬರೆದಿದೆ. ನನ್ನ 12 ದಿನದ ಲೆಕ್ಕ ಅಲ್ಲಿಂದಲೇ ತೆಗೆದುಕೊಂಡದ್ದು. ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತು ಸೀರೆ ಬಿಡಿಸಿ ತೋರಿಸುವ ಹುಡುಗಿಯರಲ್ಲಿ, ಹೋಟೆಲ್ಲಿನಲ್ಲಿ ದೋಸೆ ಹಾಕುವವರಲ್ಲಿ ಎಷ್ಟು ಜನರಿಗೆ ಇದು ಗೊತ್ತು? ನೀವು ಅಂಗಡಿಯಲ್ಲಿ ಕೆಲಸ ಮಾಡುವವರಾಗಿದ್ದರೆ, ಅರವತ್ತು ವರ್ಷಕ್ಕಿಂತ ಹಳೆಯ ಈ ಕಾಯ್ದೆ ನಿಮ್ಮ ಪರವಾಗಿದೆ. ತಿಳಿದುಕೊಳ್ಳಿ.

ಇನ್ನೊಂದು ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ. ಅದೂ 1948ರ ಕಾಯ್ದೆಯಿಂದ ಬಂದದ್ದು. ಹತ್ತು ಅಥವಾ ಹೆಚ್ಚು ಜನ ಇರುವ ಕಡೆ, ತಿಂಗಳಿಗೆ 21 ಸಾವಿರದವರೆಗೆ ಪಗಾರ ಇರುವವರಿಗೆ. ಕೆಲಸಗಾರನ ಪಾಲು ಪಗಾರದ ಶೇಕಡಾ 0.75, ಮಾಲೀಕನದು 3.25. ಅಂದರೆ 12 ಸಾವಿರ ಪಗಾರ ಇದ್ದರೆ ಅವರಿಂದ 90 ರೂಪಾಯಿ, ಮಾಲೀಕನಿಂದ 390. ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನದವರೆಗೆ ಪಗಾರದ ಶೇಕಡಾ 70ರಷ್ಟು ದುಡ್ಡು ಮನೆಗೆ ಬರುತ್ತದೆ. ಟಿಬಿ, ಕ್ಯಾನ್ಸರ್‌ನಂಥ ದೀರ್ಘ ಕಾಯಿಲೆಗೆ ಶೇಕಡಾ 80, ಎರಡು ವರ್ಷದವರೆಗೂ. ದೊಡ್ಡ ಕಾಯಿಲೆಗೆ ಇದು ದೊಡ್ಡ ಆಸರೆ. ಆದರೆ ಕಾಯಿಲೆಯ ಮೊದಲ ಎರಡು ದಿನಕ್ಕೆ ಸಾಮಾನ್ಯವಾಗಿ ದುಡ್ಡು ಸಿಗುವುದಿಲ್ಲ. ನೆಗಡಿ, ವಾಂತಿ, ಭೇದಿ, ಕಣ್ಣುಬೇನೆಯಲ್ಲಿ ಮನೆಯಲ್ಲಿ ಇರಲೇಬೇಕಾದದ್ದು ಆ ಮೊದಲ ಎರಡು ದಿನವೇ. ಆ ಎರಡು ದಿನವನ್ನು ಮಾಲೀಕನೇ ಕೊಡಬೇಕು ಅಂತ ನನ್ನ ಅಭಿಪ್ರಾಯ.

ಇದನ್ನು ಬರೆಯುವಾಗ ನನಗೆ ನಮ್ಮ ಅಪ್ಪನ ನೆನಪಾಗುತ್ತದೆ. ಅವರು ಒಂದು ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದರು. ಸೀಸದ ಅಕ್ಷರ ಒಂದೊಂದೇ ಆಯ್ದು ಸಾಲು ಕಟ್ಟುವ ಕೆಲಸ. 1986ರಲ್ಲಿ ಟಿಬಿ ಆಯಿತು. ಆರು ಜನ ಇದ್ದ ಪ್ರೆಸ್, ಕಾಯ್ದೆಯ ಕಣ್ಣಿಗೆ ಬೀಳದಷ್ಟು ಸಣ್ಣದು. ಔಷಧ ಸರ್ಕಾರಿ ಆಸ್ಪತ್ರೆಯಲ್ಲಿ ಸಿಕ್ಕಿತು, ಪಗಾರ ನಿಂತಿತು. ಅವ್ವ ಬೇರೆಯವರ ಮನೆಗೆ ಹೋಗಿ ರೊಟ್ಟಿ ಬಡಿದಳು. ಅಪ್ಪ ಎರಡು ತಿಂಗಳು ಔಷಧ ತೆಗೆದುಕೊಂಡು, ಕೆಮ್ಮು ಕಡಿಮೆಯಾದ ಕೂಡಲೇ ಕೆಲಸಕ್ಕೆ ಹೋದರು, ಔಷಧ ಅರ್ಧಕ್ಕೆ ಬಿಟ್ಟರು. ಮತ್ತೆ ಮರಳಿ ಬಂತು. ಅವರನ್ನು ಯಾರೂ ಕೆಲಸಕ್ಕೆ ಬಾ ಅಂತ ಒತ್ತಾಯ ಮಾಡಿರಲಿಲ್ಲ. ಮನೆಯಲ್ಲಿ ಜೋಳ ಮುಗಿದಿತ್ತು.

ಈಗ ಟಿಬಿ ರೋಗಿಗಳಿಗೆ ಕೇಂದ್ರ ಸರ್ಕಾರ ಪೌಷ್ಟಿಕ ಆಹಾರಕ್ಕೆ ಅಂತ ತಿಂಗಳಿಗೆ ಸಾವಿರ ರೂಪಾಯಿ ಹಾಕುತ್ತದೆ, 2024ರ ಅಕ್ಟೋಬರ್‌ವರೆಗೆ ಅದು 500 ಇತ್ತು. ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಇದೆ. ಇವೆಲ್ಲ ಒಳ್ಳೆಯದೇ, ನಮ್ಮಪ್ಪನ ಕಾಲದಲ್ಲಿ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಅನಿಸುತ್ತದೆ. ಆದರೆ ಆಸ್ಪತ್ರೆಯ ಬಿಲ್ಲು ಬೇರೆ, ಮಲಗಿದ ದಿನಗಳಲ್ಲಿ ಮನೆ ನಡೆಯುವುದು ಬೇರೆ. ಬಿಲ್ಲು ಸರ್ಕಾರ ಕೊಟ್ಟರೂ ಬಾಡಿಗೆ, ಹಾಲು, ಸಂಘದ ಕಂತು ನಿಲ್ಲುವುದಿಲ್ಲ. ವಾರಕ್ಕೊಮ್ಮೆ ಕಂತು ಕಟ್ಟುವ ಹೆಣ್ಣುಮಕ್ಕಳನ್ನು ಕೇಳಿ, ಒಂದು ವಾರ ತಪ್ಪಿದರೆ ಏನಾಗುತ್ತದೆ ಅಂತ ಅವರೇ ಹೇಳುತ್ತಾರೆ.

ಮಾಲೀಕರ ಕಷ್ಟ ನನಗೆ ಗೊತ್ತಿಲ್ಲ ಅಂತ ಅಲ್ಲ. ಏಳು ಜನರಲ್ಲಿ ಒಬ್ಬರು ಬರದಿದ್ದರೆ ಏಳರಲ್ಲಿ ಒಂದು ಪಾಲು ಕೆಲಸ ನಿಲ್ಲುತ್ತದೆ ಅಂದುಕೊಂಡರೆ ತಪ್ಪು, ಕೆಲವು ಸಲ ಇಡೀ ಕೆಲಸವೇ ನಿಲ್ಲುತ್ತದೆ. ಕಟಿಂಗ್ ಮಾಡುವ ಕಾಕಾ ಒಬ್ಬರೇ. ಅವರು ಬರದ ದಿನ ಅಚ್ಚಾದ ಹಾಳೆಗಳೆಲ್ಲ ಹಾಗೇ ಕೂತಿರುತ್ತಿದ್ದವು. ಮದುವೆ ಸೀಸನ್ನಿನಲ್ಲಿ ಲಗ್ನಪತ್ರಿಕೆಯವರು ಬಾಗಿಲಲ್ಲಿ ನಿಂತಿರುತ್ತಾರೆ, ಅವರಿಗೆ ಕಾಕಾನ ಜ್ವರ ಹೇಳಿ ಏನು ಪ್ರಯೋಜನ? ಅದಕ್ಕೆ ನಾನು ಮಾಡಿದ್ದು ಇಷ್ಟೇ, ಮಷಿನ್ ಹುಡುಗರಲ್ಲಿ ಒಬ್ಬನಿಗೆ ಕಟಿಂಗ್ ಕಲಿಸಿದೆ, ಕಾಕಾನೇ ಕೂತು ಆರು ತಿಂಗಳು ಕಲಿಸಿದರು. ನಂಬರಿಂಗ್ ನಾನೇ ಕಲಿತೆ. ಪಕ್ಕದ ಓಣಿಯ ಪ್ರೆಸ್ಸಿನವರ ಜೊತೆ ಮಾತಾಡಿಕೊಂಡಿದ್ದೇವೆ, ಅವರ ಜನ ಇಲ್ಲದ ದಿನ ಅವರ ಕೆಲಸ ಇಲ್ಲಿ ಕತ್ತರಿಸಿ ಕೊಡುತ್ತೇವೆ, ನಮ್ಮ ಜನ ಇಲ್ಲದ ದಿನ ಅವರು. ಆದರೂ ಒಬ್ಬ ಹುಡುಗನಿಗೆ ಮೂರು ತಿಂಗಳು ಹಾಸಿಗೆ ಹಿಡಿಯುವ ಕಾಯಿಲೆ ಬಂದರೆ ನನ್ನ ಒಬ್ಬನ ಕೈಲಿ ಆಗುವುದಿಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ. ಸಣ್ಣ ಕಾಯಿಲೆ ಮಾಲೀಕ ಹೊರಬಹುದು, ದೊಡ್ಡ ಕಾಯಿಲೆ ಎಲ್ಲರೂ ಸೇರಿ ಹೊರಬೇಕು. ಜರ್ಮನಿಯಲ್ಲಿ ಕಾಯಿಲೆಯ ವಿಮೆಯ ಕಾನೂನು ಬಂದದ್ದು 1883ರಲ್ಲಿ. ಇವತ್ತು ಅಲ್ಲಿ ಆರು ವಾರದವರೆಗೆ ಮಾಲೀಕ ಪೂರ್ತಿ ಸಂಬಳ ಕೊಡುತ್ತಾನೆ, ಆಮೇಲೆ ವಿಮೆ ಹೊರುತ್ತದೆ. ಅಮೆರಿಕದಂಥ ಶ್ರೀಮಂತ ದೇಶದಲ್ಲಿ ಖಾಸಗಿ ಕೆಲಸಗಾರರಿಗೆಲ್ಲ ಅನ್ವಯಿಸುವ ಅಂಥ ಕಾನೂನು ಇಡೀ ದೇಶಕ್ಕೆ ಇವತ್ತಿಗೂ ಇಲ್ಲ, ಕೆಲವು ರಾಜ್ಯಗಳು ಮಾಡಿಕೊಂಡಿವೆ. ಹಾಗಾಗಿ ಇದು ದುಡ್ಡು ಇದೆಯೋ ಇಲ್ಲವೋ ಅನ್ನೋದಕ್ಕಿಂತ ಮನಸ್ಸು ಇದೆಯೋ ಇಲ್ಲವೋ ಅನ್ನೋ ಪ್ರಶ್ನೆ ಅಂತ ನನಗೆ ಅನಿಸುತ್ತದೆ.

ನನಗೆ ಜಾಸ್ತಿ ಚಿಂತೆ ಇರೋದು ಹಾಜರಿ ಪುಸ್ತಕವೇ ಇಲ್ಲದವರದ್ದು. ಬ್ಯಾಡಗಿಗೆ ಹೋಗಿ ನೋಡಿ, ಹೆಂಗಸರು ಸಾಲಾಗಿ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾರೆ. ಘಾಟಿಗೆ ಮೂಗು ಬಾಯಿಗೆ ಸೆರಗು ಕಟ್ಟಿಕೊಂಡಿರುತ್ತಾರೆ. ಅವರಿಗೆ ಕೂಲಿ ಬಿಡಿಸಿದ ತೂಕದ ಮೇಲೆ. ಅಲ್ಲಿ ಕೆಮ್ಮು ಬಂದರೆ ಯಾರನ್ನು ಸೂಟಿ ಕೇಳಬೇಕು? ಹುಬ್ಬಳ್ಳಿ ಅಮರಗೋಳದ ಎಪಿಎಂಸಿಯಲ್ಲಿ ಚೀಲ ಹೊರುವ ಹಮಾಲರು, ಬೆಟಗೇರಿಯಲ್ಲಿ ಮಗ್ಗ ನಿಂತ ದಿನ ಕೂಲಿಯೂ ನಿಲ್ಲುವ ನೇಕಾರರು, ಇವರಿಗೆ ನನ್ನ 12 ದಿನದ ನಿಯಮ ಕೆಲಸಕ್ಕೆ ಬರುವುದಿಲ್ಲ. ಇವರಿಗೆ ಒಂದು ನಿಧಿಯೇ ಬೇಕು. ಆಗದ ಮಾತಲ್ಲ ಇದು. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆ ಕಟ್ಟಡದ ವೆಚ್ಚದ ಮೇಲೆ ಶೇಕಡಾ 1 ಸೆಸ್ ಹಾಕುವ ಪದ್ಧತಿ ಈಗಾಗಲೇ ಇದೆ. ಮನೆಗೆ ಊಟ ತರುವ ಹುಡುಗರಂಥ ಗಿಗ್ ಕೆಲಸಗಾರರಿಗೆ ಅಂತ 2025ರಲ್ಲಿ ಕರ್ನಾಟಕ ಕಾಯ್ದೆಯನ್ನೇ ಮಾಡಿದೆ, ಪ್ರತಿ ಪಾವತಿಯ ಮೇಲೆ ಶೇಕಡಾ 1ರಿಂದ 5ರವರೆಗೆ ಕಂಪನಿಗಳಿಂದ ಕಲ್ಯಾಣ ಶುಲ್ಕ. ಅದೇ ರೀತಿ ಮಾರುಕಟ್ಟೆಯಲ್ಲಿ ಮಾರಾಟವಾಗುವ ಪ್ರತಿ ಚೀಲ ಮೆಣಸಿನಕಾಯಿಯ ಮೇಲೆ ಅಷ್ಟಿಷ್ಟು ತೆಗೆದಿಟ್ಟು, ಅದರಲ್ಲಿ ಆ ಹೆಂಗಸರ ಆರಾಮಿಲ್ಲದ ದಿನದ ಕೂಲಿ ಕೊಡಲು ಆಗುವುದಿಲ್ಲವೇ?

ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವ ಅಕ್ಕನಿಗೂ ಈಗ ಇದೇ ನಿಯಮ. ಇದನ್ನು ನನಗಿಂತ ಮೊದಲು ಹೇಳಿದವಳು ನನ್ನ ಹೆಂಡತಿ. "ಪ್ರೆಸ್ಸಿನ್ಯಾಗ ಒಂದು ನ್ಯಾಯ, ಮನ್ಯಾಗ ಒಂದು ನ್ಯಾಯ ಬ್ಯಾಡ" ಅಂದಳು.

ಮುಟ್ಟಿನ ರಜೆಯ ಬಗ್ಗೆ ಒಂದು ಮಾತು. ಮುಟ್ಟು ಜಡ್ಡಲ್ಲ, ಹಾಗಾಗಿ ಅದನ್ನು ಜಡ್ಡಿನ ಸೂಟಿಯಲ್ಲಿ ಕಳೆಯುವುದಿಲ್ಲ, ಬೇರೆಯೇ ಕೊಡುತ್ತಿದ್ದೇನೆ. ನಮ್ಮಲ್ಲಿ ಮೂವರು ಹೆಣ್ಣುಮಕ್ಕಳು. ಕಾರಣ ಕೇಳುವುದಿಲ್ಲ, ದಿನ ಅವರೇ ಆರಿಸುತ್ತಾರೆ. "ಹಿಂಗಾದ್ರ ಹೆಣ್ಣುಮಕ್ಕಳನ್ನ ಕೆಲಸಕ್ಕ ಇಟ್ಟುಕೊಳ್ಳೂದ ಬ್ಯಾಡ" ಅಂತ ಆವತ್ತು ಒಬ್ಬರು ಅಂದರು. ಬೈಂಡಿಂಗ್ ಕೋಣೆಯಲ್ಲಿ ಹೆಣ್ಣುಮಕ್ಕಳಿಲ್ಲದೆ ಗದಗಿನ ಯಾವ ಪ್ರೆಸ್ ನಡೆದಿದೆ ಅಂತ ಅವರೇ ಹೇಳಲಿ.

ಈಗ ಕೊನೆಯದಾಗಿ ಒಂದು ಕೆಲಸದ ಮಾತು. ಹೊಸ ಸಂಹಿತೆಯ ಪ್ರಕಾರ ಹತ್ತಕ್ಕಿಂತ ಕಡಿಮೆ ಜನ ಇರುವ ಕಡೆಯೂ ಮಾಲೀಕ ಮತ್ತು ಹೆಚ್ಚಿನ ಕೆಲಸಗಾರರು ಒಪ್ಪಿದರೆ ಇಎಸ್‌ಐಗೆ ಸ್ವಂತ ಇಚ್ಛೆಯಿಂದ ಸೇರಬಹುದು. ನಮ್ಮ ಏಳೂ ಜನರನ್ನು ಕೂಡಿಸಿ ಕೇಳಿದೆ. ಆರು ಜನ ಒಪ್ಪಿದರು, ಕಾಕಾ ಮಾತ್ರ ಪಗಾರದಲ್ಲಿ ಕಡಿತ ಆಗುತ್ತದೆ ಅಂತ ಇನ್ನೂ ಯೋಚನೆ ಮಾಡುತ್ತಿದ್ದಾರೆ. ಮುಂದಿನ ವಾರ ಅರ್ಜಿಯ ಕೆಲಸ ಶುರು ಮಾಡುತ್ತೇನೆ. ಗದಗ, ಹಾವೇರಿ, ಹುಬ್ಬಳ್ಳಿ ಕಡೆ ನನ್ನ ಹಾಗೆ ಐದಾರು ಜನ ಇಟ್ಟುಕೊಂಡು ಈಗಾಗಲೇ ಸೇರಿದವರು ಯಾರಾದರೂ ಇದ್ದರೆ, ಯಾವ ಕಾಗದ ಬೇಕಾದವು, ಎಷ್ಟು ದಿನ ಹಿಡಿಯಿತು ಅಂತ ದಯವಿಟ್ಟು ಕೆಳಗೆ ಬರೆಯಿರಿ. ಇನ್ನು ಆವತ್ತು ಚಹಾದಂಗಡಿಯಲ್ಲಿದ್ದ ಗೆಳೆಯರು ಇದನ್ನು ಓದುತ್ತಿದ್ದರೆ, ನನ್ನ ಎರಡು ವರ್ಷದ ಹಾಜರಿ ಪುಸ್ತಕ ಪ್ರೆಸ್ಸಿನಲ್ಲೇ ಇದೆ. ಬರ್ರಿ, ಕೂತು ನಿಮ್ಮ ಪ್ರೆಸ್ಸಿನ ಲೆಕ್ಕವನ್ನೂ ಹಾಕೋಣ.